ಕಾಂಟ್ರಾ, ಮಾರಿಯೋ, ಟ್ಯಾಂಕ್: ಆ ಹಳೆ ಟಿವಿ ಗೇಮ್ ಈಗ ಯಾವುದರಲ್ಲಿ ಆಡೋಣ?

ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡುವ ನೆಪದಲ್ಲಿ ಹಳದಿ ಬಣ್ಣದ ಗೇಮ್ ಕ್ಯಾಸೆಟ್ ಒಂದು ಕೆಳಗಿಳಿಯುತ್ತದೆ. ಮೇಲೆ ‘9999 ಇನ್ 1’ ಎಂದು ಅಚ್ಚಾಗಿದೆ, ಸ್ಟಿಕ್ಕರ್ ಅರ್ಧ ಕಿತ್ತುಹೋಗಿದೆ. ಅದನ್ನು ಹಾಕಿ ಆಡುತ್ತಿದ್ದ ಸೆಟ್ ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ. “ಇದನ್ನ ಈಗ ಆಡಬೇಕು ಅಂದ್ರೆ ಏನು ತಗೋಬೇಕು?” ಎಂಬ ಪ್ರಶ್ನೆ ಹುಟ್ಟುವುದು ಅಲ್ಲೇ. ನನ್ನನ್ನು ಹೀಗೆ ಕೇಳಿದವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಮೊಬೈಲ್‌ನಲ್ಲಿ ಹುಡುಕಿ ಗೊಂದಲ ಮಾಡಿಕೊಂಡಿರುತ್ತಾರೆ. ಆರುನೂರು ರೂಪಾಯಿಯ ಕೈ ಗೇಮೂ ಅಲ್ಲಿದೆ, ಟಿವಿಗೆ ಚುಚ್ಚುವ ಎರಡು ಸಾವಿರದ ಸ್ಟಿಕ್ಕೂ ಇದೆ, ಹತ್ತಿಪ್ಪತ್ತು ಸಾವಿರದ ವಿದೇಶಿ ಪೆಟ್ಟಿಗೆಯೂ ಇದೆ. ಎಲ್ಲದರ ಮೇಲೂ ಮಾರಿಯೋ ಒಂದೇ ಥರ ನಗುತ್ತಿದ್ದಾನೆ.

ಯಾವುದು ಒಳ್ಳೆಯದು ಎನ್ನುವ ಮುಂಚೆ ಒಂದು ಮಾತು ಒಪ್ಪಿಕೊಳ್ಳೋಣ. ನಮ್ಮಲ್ಲಿ ಬಹುಪಾಲು ಮಂದಿ ನಿಂಟೆಂಡೋ ಆಡಿಯೇ ಇಲ್ಲ, ಆಡಿದ್ದೆಲ್ಲ ಅದರ ನಕಲು. ನಿಂಟೆಂಡೋ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ಅದನ್ನೇ 1985ರಲ್ಲಿ ಹೊರಮೈ ಬದಲಿಸಿ ಅಮೆರಿಕದಲ್ಲಿ ಎನ್‌ಇಎಸ್ ಎಂದು ಮಾರಿತು. ಇವುಗಳ ಚಿಪ್ ನಕಲು ಮಾಡಿ ತಯಾರಾದ ಸೆಟ್‌ಗಳು ತೊಂಬತ್ತರ ದಶಕದಲ್ಲಿ ನಮ್ಮ ಅಂಗಡಿಗಳಿಗೆ ಬಂದವು. ನಾವು ಅದಕ್ಕೆ ‘ಟಿವಿ ಗೇಮ್’ ಅಂದೆವು, ಕಾರ್ಟ್ರಿಡ್ಜಿಗೆ ‘ಕ್ಯಾಸೆಟ್’ ಅಂದೆವು. ಜಪಾನಿನ ಕ್ಯಾಸೆಟ್‌ಗೆ 60 ಪಿನ್, ಅಮೆರಿಕದ್ದಕ್ಕೆ 72. ನಮ್ಮ ಸೆಟ್‌ಗಳ ಬಾಯಿ 60 ಪಿನ್ನಿನದು. ಹಾಗಾಗಿ ನಮ್ಮ ಮನೆಗಳಿಗೆ ಬಂದ ಆಟಗಳ ಪಟ್ಟಿ ಅಮೆರಿಕದ ಮಕ್ಕಳದ್ದಲ್ಲ, ಜಪಾನಿನ ಮಕ್ಕಳದ್ದು.

ಕೊಳ್ಳುವಾಗ ಈ ಚರಿತ್ರೆ ಯಾಕೆ ಬೇಕು ಎನ್ನಬಹುದು. ನಾವು ‘ಟ್ಯಾಂಕ್ ಗೇಮ್’ ಎನ್ನುತ್ತಿದ್ದ ಆಟ ನಾಮ್ಕೊ ಕಂಪನಿಯ ಬ್ಯಾಟಲ್ ಸಿಟಿ, 1985ರದ್ದು. ಸಿಂಹದ ಮೇಲೆ ಕೂತು ಬೆಂಕಿಯ ಬಳೆ ಹಾರುವ ಸರ್ಕಸ್ ಆಟ ಸರ್ಕಸ್ ಚಾರ್ಲಿ. ಪೆಟ್ರೋಲ್ ಮುಗಿಯುವ ಮುಂಚೆ ಓಡಿಸಬೇಕಾದ ಕಾರಿನ ಆಟ ರೋಡ್ ಫೈಟರ್. ಈ ಮೂರೂ ಎನ್‌ಇಎಸ್ ಕಾಲದಲ್ಲಿ ಅಮೆರಿಕದಲ್ಲಿ ಕ್ಯಾಸೆಟ್ಟಾಗಿ ಬರಲೇ ಇಲ್ಲ. ಅಲ್ಲಿಯ ಗಿರಾಕಿಗಾಗಿ ಮಾಡಿದ ‘ಅಸಲಿ’ ಯಂತ್ರಕ್ಕೆ ದುಡ್ಡು ಸುರಿದರೆ ನಿಮಗೆ ಸಿಗುವುದು ಬೇರೆ ಯಾರದೋ ಬಾಲ್ಯ. ಅದಕ್ಕೇ ನಾನು ಯಂತ್ರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಕೇಳಬೇಕಾದ್ದು ಬೇರೆ.

ನಿಮ್ಮ ಆಟ ಯಾವುದು? ಒಂದೇ ಒಂದು ಹೆಸರು ಹೇಳಿ ಅಂದರೆ ಯಾವುದು? ಮಾರಿಯೋ ಅಂದರೆ ಒಂದು ದಾರಿ, ಗುಂಡು ಹಾರಿಸುತ್ತಾ ಸಾಗುವ ಕಾಂಟ್ರಾ ಅಂದರೆ ಇನ್ನೊಂದು, ಬಾತುಕೋಳಿ ಹೊಡೆಯುವ ಡಕ್ ಹಂಟ್ ಅಂದರೆ ಮೂರನೆಯದು.

ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ಸೂಪರ್ ಮಾರಿಯೋದಲ್ಲಿ ಇಬ್ಬರೂ ಸರದಿಯಲ್ಲಿ ಆಡುತ್ತಾರೆ. ಒಬ್ಬ ಔಟಾದರೆ ಇನ್ನೊಬ್ಬನ ಕೈಗೆ. ಒಂದೇ ರಿಮೋಟನ್ನು ಕೈ ಬದಲಾಯಿಸಿಕೊಂಡು ಆಡಿದರೂ ಹೇಗೋ ನಡೆಯುತ್ತದೆ. ಕಾಂಟ್ರಾ, ಟ್ಯಾಂಕ್ ಹಾಗಲ್ಲ. ಇಬ್ಬರೂ ಒಂದೇ ಪರದೆಯಲ್ಲಿ, ಒಂದೇ ಹೊತ್ತಿನಲ್ಲಿ. ಕಾಂಟ್ರಾದ ಮೂರನೇ ಸ್ಟೇಜಿನ ಜಲಪಾತ ನೆನಪಿದೆಯಲ್ಲ? ಮುಂದಿದ್ದವನು ಹತ್ತುತ್ತಾ ಹೋದಂತೆ ಪರದೆ ಮೇಲೆ ಸರಿದು, ಕೆಳಗೆ ಉಳಿದವನು ಸುಮ್ಮನೆ ಸಾಯುತ್ತಾನೆ. ನಮ್ಮ ಮನೆಯಲ್ಲಿ ಆ ಜಲಪಾತದ ಬುಡದಲ್ಲಿ ಆದಷ್ಟು ಜಗಳ ಆಸ್ತಿ ಪಾಲಿನಲ್ಲೂ ಆಗಲಿಲ್ಲ. ಇಂಥ ಆಟಕ್ಕೆ ಎರಡನೇ ರಿಮೋಟ್ ಗಟ್ಟಿಯಾಗಿಲ್ಲದ ಯಂತ್ರ ತಂದರೆ ದುಡ್ಡು ದಂಡ.

ಮೂರನೆಯದು ಕೈಗೂ ಪರದೆಗೂ ನಡುವಿನ ತಡ. ಗುಂಡಿ ಒತ್ತಿದ ಕ್ಷಣ ಮಾರಿಯೋ ಹಾರಬೇಕು. ಹಳೆ ಡಬ್ಬಾ ಟಿವಿಯಲ್ಲಿ ಹಾಗೇ ಆಗುತ್ತಿತ್ತು. ಈಗಿನ ಎಲ್‌ಇಡಿ ಟಿವಿಗಳು ಬಂದ ಚಿತ್ರವನ್ನು ಮೊದಲು ತಿದ್ದಿ ತೀಡಿ ಆಮೇಲೆ ತೋರಿಸುತ್ತವೆ. ಈ ಆಟಗಳಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಇರುವುದು ಸೆಕೆಂಡಿನ 60ನೇ ಒಂದು ಭಾಗ. ಟಿವಿ ನಾಲ್ಕೈದು ಚಿತ್ರದಷ್ಟು ಹಿಂದುಳಿದರೂ ಸಾಕು, ಗುಂಡಿಯ ಅಂಚಿನಲ್ಲಿ ಹಾರಬೇಕಾದ ಮಾರಿಯೋ ಗುಂಡಿಯೊಳಗೆ ಬಿದ್ದಿರುತ್ತಾನೆ. “ವಯಸ್ಸಾಯ್ತು, ಕೈ ಓಡಲ್ಲ” ಎಂದು ಬೇಜಾರಾಗುವ ಮುಂಚೆ ಟಿವಿಯ ಸೆಟ್ಟಿಂಗ್ಸಿನಲ್ಲಿ ಗೇಮ್ ಮೋಡ್ ಹುಡುಕಿ ಹಾಕಿ. ಖರ್ಚಿಲ್ಲದ ಮದ್ದು ಅದೊಂದೇ.

ಇದಲ್ಲದೆ ದುಡ್ಡು, ತಲೆನೋವು ತಡೆದುಕೊಳ್ಳುವ ಶಕ್ತಿ, ಕಾನೂನು. ಇವು ಮುಂದೆ ಅಲ್ಲಲ್ಲೇ ಬರುತ್ತವೆ.

ಈಗ ಒಂದೊಂದಾಗಿ ನೋಡೋಣ. ಹಳೇ ಸೆಟ್ಟನ್ನೇ ಹುಡುಕಿ ತರುವುದು ನನಗೆ ಅತಿ ಪ್ರಿಯವಾದ ದಾರಿ, ಮತ್ತು ಹೆಚ್ಚಿನವರಿಗೆ ನಾನು ಬೇಡ ಎನ್ನುವ ದಾರಿ. ಬೆಂಗಳೂರಿನವರಾದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಎಸ್.ಪಿ. ರಸ್ತೆ ಸುತ್ತಬಹುದು, ಬೇರೆ ಊರಿನವರಿಗೆ ಗುಜರಿ ಅಂಗಡಿ, ಹಳೆ ಟಿವಿ ರಿಪೇರಿಯವರೇ ಗತಿ. ಸೆಟ್ ಅಗ್ಗಕ್ಕೆ ಸಿಕ್ಕೀತು. ಕಷ್ಟ ಇರುವುದು ಅದರ ಸುತ್ತಲಿನ ಸಾಮಾನಿನಲ್ಲಿ. ಅಡಾಪ್ಟರ್ ಮೊದಲನೆಯದು. ಒಂದು ಸಲ ಪಿನ್ ಸರಿಯಾಗಿ ಕೂತಿತು ಎಂಬ ಒಂದೇ ಧೈರ್ಯದ ಮೇಲೆ ಮನೆಯಲ್ಲಿದ್ದ ಯಾವುದೋ 9 ವೋಲ್ಟಿನ ಅಡಾಪ್ಟರ್ ಚುಚ್ಚಿದೆ. ಪ್ಲಸ್ ಮೈನಸ್ ಅದಲುಬದಲಾಗಿತ್ತು. ಸಣ್ಣಗೆ ಸುಟ್ಟ ವಾಸನೆ ಬಂತು, ಸೆಟ್ ಅಲ್ಲಿಗೆ ಮುಗಿಯಿತು. ಜಪಾನಿನ ಮೂಲ ಯಂತ್ರದಲ್ಲಿ ಪಿನ್ನಿನ ನಡುವಿನ ಭಾಗ ಮೈನಸ್. ನಕಲುಗಳು ಒಂದೊಂದು ಒಂದೊಂದು ಥರ. ಸೆಟ್ಟಿನ ಹಿಂದೆ ಅಚ್ಚಾದ ಗುರುತನ್ನೂ ಅಡಾಪ್ಟರಿನ ಮೇಲಿನ ಗುರುತನ್ನೂ ಪಕ್ಕಪಕ್ಕ ಹಿಡಿದು ನೋಡದೆ ಚುಚ್ಚಬೇಡಿ.

ಎರಡನೆಯದು ಕ್ಯಾಸೆಟ್. ಊದಿ ಹಾಕಿದರೆ ಓಡುತ್ತದೆ ಎಂಬುದು ನಮ್ಮ ಕಾಲದ ವೈದ್ಯ. ಓಡುತ್ತಿದ್ದುದು ತೆಗೆದು ಮತ್ತೆ ಹಾಕಿದ್ದರಿಂದ. ಎಂಜಲಿನ ತೇವ ಪಿನ್ನುಗಳನ್ನು ನಿಧಾನಕ್ಕೆ ತಿನ್ನುತ್ತಿತ್ತು. ಈಗ ಕಿವಿಗೆ ಹಾಕುವ ಹತ್ತಿಯ ಇಯರ್‌ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಪಿನ್ ಒರೆಸಿ, ಒಣಗಲು ಬಿಡಿ. ಅಂದಹಾಗೆ ‘9999 ಇನ್ 1’ ನಂಬಿ ಕ್ಯಾಸೆಟ್ ಕೊಳ್ಳಬೇಡಿ. ಅದರಲ್ಲಿ ಬೇರೆಬೇರೆ ಆಟ ಇರುವುದು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಅವೇ ಆಟಗಳನ್ನು ಬೇರೆ ಬೇರೆ ಸ್ಟೇಜಿನಿಂದ ಶುರು ಮಾಡಿಸುವ ಕೈಚಳಕ. ಚಿಕ್ಕಂದಿನಲ್ಲೇ ಗೊತ್ತಿತ್ತು, ಆದರೂ ಪ್ರತಿ ಸಲ ಕೊನೆಯ ಪುಟದವರೆಗೆ ಹೋಗಿ ನೋಡುತ್ತಿದ್ದೆವು.

ಮೂರನೆಯದು ಟಿವಿ. ಡಕ್ ಹಂಟ್ ನಿಮ್ಮ ಆಟವಾದರೆ ಡಬ್ಬಾ ಟಿವಿಯೇ ಬೇಕು, ಮಾತೇ ಇಲ್ಲ. ಆ ಗನ್ನಿನಿಂದ ಏನೂ ಹೊರಡುವುದಿಲ್ಲ, ಅದು ನೋಡುತ್ತದೆ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಮೂತಿಯ ಬೆಳಕಿನ ಕಣ್ಣಿಗೆ ಆ ಬಿಳುಪು ಬಿದ್ದರೆ ಹಕ್ಕಿ ಬಿತ್ತು. ಚಿತ್ರ ತಡವಾಗಿ ತೋರಿಸುವ ಎಲ್‌ಇಡಿ ಟಿವಿಯಲ್ಲಿ ಈ ಲೆಕ್ಕವೇ ತಪ್ಪುತ್ತದೆ. ಪರದೆಗೆ ಮೂತಿ ತಾಗಿಸಿ ಹೊಡೆದರೂ ನಾಯಿ ಎದ್ದು ನಗುತ್ತದೆ. ಆದರೆ 21 ಇಂಚಿನ ಡಬ್ಬಾ ಟಿವಿ ಎಂದರೆ ಇಪ್ಪತ್ತು ಕಿಲೋ ದಾಟುವ ಭಾರ, ಮೇಲಾಗಿ ಅದನ್ನು ಎಲ್ಲಿಡಬೇಕು ಎಂಬ ಮನೆಯವರ ಪ್ರಶ್ನೆ. ಕೆಟ್ಟರೆ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಮನೆಯಲ್ಲಿ ಜಾಗವಿದೆ, ಸಾಲ್ಡರಿಂಗ್ ಬರುತ್ತದೆ, ಭಾನುವಾರ ಖಾಲಿ ಇದೆ ಅನ್ನುವವರಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ಉಳಿದವರು ಮುಂದೆ ಓದಿ.

ಆರುನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ ‘400 ಇನ್ 1’ ಕೈ ಗೇಮನ್ನು ಜಾತ್ರೆಯ ಅಂಗಡಿಯಲ್ಲೂ ನೋಡಿರುತ್ತೀರಿ. ಮೂರು ಇಂಚಿನ ಪರದೆ, ಹಿಂದೆ ಹಳೆ ನೋಕಿಯಾ ಫೋನಿನ ಥರದ ಬ್ಯಾಟರಿ, ಪಕ್ಕದಲ್ಲಿ ಟಿವಿಗೆ ಹಾಕುವ ಎವಿ ತೂತು. ಇದನ್ನು ಆಡಿಕೊಳ್ಳುವವರು ಬಹಳ. ನಾನು ಆಡಿಕೊಳ್ಳುವುದಿಲ್ಲ. ಒಳಗಿರುವುದು ನಮ್ಮ ಹಳೆ ಸೆಟ್ಟಿನ ವಂಶದ್ದೇ ಚಿಪ್; ಟ್ಯಾಂಕ್, ಸರ್ಕಸ್, ರೋಡ್ ಫೈಟರ್ ಎಲ್ಲ ಸಾಮಾನ್ಯವಾಗಿ ಇರುತ್ತವೆ. ಬಸ್ಸಿನಲ್ಲಿ ಒಬ್ಬರೇ ಆಡಲು ಧಾರಾಳ. ಎರಡನೇ ರಿಮೋಟ್ ಇರುವ ಮಾದರಿಯೂ ಉಂಟು. ಟಿವಿಗೆ ಹಾಕಿದಾಗ ಮಾತ್ರ ತಮಾಷೆ: ಮೊದಲನೆಯವನ ಕೈಯಲ್ಲಿ ಇಡೀ ಯಂತ್ರ, ಅದರಿಂದ ಟಿವಿಗೊಂದು ವೈರು, ಪಕ್ಕದವನಿಗೊಂದು ವೈರು. ಯಾರಾದರೂ ಉತ್ಸಾಹದಲ್ಲಿ ಎಳೆದರೆ ಆಟವೇ ಆರಿಹೋಗುತ್ತದೆ. ಗುಂಡಿಗಳ ಆಯಸ್ಸೂ ಕಮ್ಮಿ. ಅದು ಗೊತ್ತಿದ್ದೇ ತಗೊಂಡರೆ ಬೇಜಾರಾಗುವುದಿಲ್ಲ.

ಎಚ್‌ಡಿಎಂಐ ಗೇಮ್ ಸ್ಟಿಕ್ ಈಗ ಎಲ್ಲರಿಗೂ ಜಾಹೀರಾತಿನಲ್ಲಿ ಕಾಣುವ ಸಾಮಾನು. ಟಿವಿಯ ಹಿಂದೆ ಚುಚ್ಚಿ, ಎರಡು ವೈರ್‌ಲೆಸ್ ರಿಮೋಟ್ ಹಿಡಿದು ಕೂತರೆ ಆಯಿತು. ಎರಡು ಸಾವಿರದ ಆಚೀಚೆ ಬೆಲೆ. ಮದುವೆ ಮನೆಯಲ್ಲಿ ಹತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಬೇಕಾದಾಗ ಇದರಷ್ಟು ಅನುಕೂಲದ್ದು ಬೇರೆ ಇಲ್ಲ. ಆದರೆ ತಡದ ವಿಷಯದಲ್ಲಿ ಇದು ಎರಡು ಕಡೆ ಸೋಲುತ್ತದೆ. ಅಗ್ಗದ ವೈರ್‌ಲೆಸ್ಸಿನ ತಡ ಒಂದು, ಟಿವಿಯ ತಡ ಇನ್ನೊಂದು. ಟ್ಯಾಂಕಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಮಾರಿಯೋಗೆ, ಸರ್ಕಸ್ಸಿನ ಬೆಂಕಿ ಬಳೆಗೆ ಗೊತ್ತಾಗಿಯೇ ಆಗುತ್ತದೆ. ಹತ್ತು ಸಾವಿರ ಆಟ ಎನ್ನುವುದು ‘9999 ಇನ್ 1’ರ ಮೊಮ್ಮಗ. ಜತೆಗೆ ಇದರ ಮೆಮೊರಿ ಕಾರ್ಡಿನಲ್ಲಿ ತುಂಬಿರುವುದು ಅನುಮತಿ ಇಲ್ಲದ ಪ್ರತಿಗಳೇ. ಕೈ ಗೇಮಿನದ್ದೂ ಅದೇ ಕಥೆ, ನಮ್ಮ ಬಾಲ್ಯದ್ದೂ ಅದೇ ಕಥೆ. ಆಗ ನಮಗೆ ಗೊತ್ತಿರಲಿಲ್ಲ, ಈಗ ಗೊತ್ತಿದೆ, ಅಷ್ಟು ವ್ಯತ್ಯಾಸ.

ನಿಂಟೆಂಡೋದ ಅಸಲಿ ದಾರಿ ಎರಡು. 2016ರ ನವೆಂಬರಿನಲ್ಲಿ ಬಂದ ಅಂಗೈಯಗಲದ ಎನ್‌ಇಎಸ್ ಕ್ಲಾಸಿಕ್ ಮಿನಿ ಒಂದು. ಒಳಗೆ 30 ಆಟ, ಚಿತ್ರ ಸ್ಫಟಿಕದಂತೆ, ಎಲ್ಲಿ ಬೇಕೋ ಅಲ್ಲಿ ಸೇವ್ ಮಾಡುವ ಸೌಲಭ್ಯ. ಕರೆಂಟ್ ಹೋದರೆ ಏಳನೇ ವರ್ಲ್ಡಿನಿಂದ ಮತ್ತೆ ಒಂದಕ್ಕೆ ಬೀಳುತ್ತಿದ್ದ ನಮಗೆ ಆ ಒಂದು ಗುಂಡಿ ಸ್ವರ್ಗ. ಮಾರಿಯೋ ಮೂರೂ ಭಾಗ ಇವೆ. ಆದರೆ ಕಾಂಟ್ರಾ ಇಲ್ಲ, ಅದರ ಎರಡನೇ ಭಾಗ ಸೂಪರ್ ಸಿ ಇದೆ. ಟ್ಯಾಂಕ್ ಇಲ್ಲ. ಬಾತುಕೋಳಿಯೂ ಇಲ್ಲ. ಪೆಟ್ಟಿಗೆಯಲ್ಲಿ ಬರುವ ರಿಮೋಟ್ ಒಂದೇ, ಅದರ ವೈರೂ ಮೊಳದ ಎರಡರಷ್ಟಿಲ್ಲ. ಟಿವಿ ಮುಂದೆ ನೆಲದ ಮೇಲೆ ಕೂರಲೇಬೇಕು. (ಇದು ಮಾತ್ರ ನಮ್ಮ ಬಾಲ್ಯಕ್ಕೆ ಸರಿಹೊಂದುತ್ತದೆ.) ಹೊರಬಂದಾಗ ಅಮೆರಿಕದಲ್ಲಿ 60 ಡಾಲರಿದ್ದ ಇದು ಈಗ ತಯಾರಾಗುತ್ತಿಲ್ಲ. ಹೊರದೇಶದಲ್ಲಿರುವ ನೆಂಟರು ಹಳೆಯದೊಂದನ್ನು ತಂದುಕೊಟ್ಟರೆ ಸಂತೋಷ. ಇಲ್ಲಿ ಮೂರು ಪಟ್ಟು ಕೊಟ್ಟು ಕೊಳ್ಳುವುದು ಷೋಕೇಸಿಗೆ ಸರಿ, ಆಡುವುದಕ್ಕಲ್ಲ. ನಕಲಿ ಮಿನಿಗಳೂ ಇದೇ ಮುಖ ಹೊತ್ತು ಮಾರಾಟಕ್ಕಿವೆ, ಬೆಲೆ ತೀರಾ ಕಮ್ಮಿ ಕಂಡರೆ ಅದು ಅದೇ.

ಎರಡನೆಯದು ಸ್ವಿಚ್ ಎಂಬ ಅವರದೇ ಗೇಮ್ ಯಂತ್ರ ಕೊಂಡು ನಿಂಟೆಂಡೋ ಚಂದಾ ಕಟ್ಟುವುದು. ಹಳೆಯ ಮಾರಿಯೋ ಅದರೊಳಗೆ ಬರುತ್ತದೆ, ಸತ್ತರೆ ಆಟವನ್ನು ಹಿಂದಕ್ಕೆ ಸುತ್ತಿ ಮತ್ತೆ ಆಡಬಹುದು. ಪೆಟ್ಟಿಗೆಯ ಜತೆ ಬರುವ ಪುಟ್ಟ ರಿಮೋಟ್ ಜೋಡಿಯನ್ನು ಬಿಡಿಸಿದರೆ ಇಬ್ಬರಿಗೆ ಆಗುತ್ತದೆ. ನಮ್ಮಲ್ಲಿ ಇದು ಹೆಚ್ಚಾಗಿ ಆಮದು ಮಾಡುವ ಅಂಗಡಿಗಳ ಮೂಲಕವೇ ಬರುವುದರಿಂದ ಕೆಟ್ಟರೆ ಅದೇ ಅಂಗಡಿಯವರ ಕಾಲು ಹಿಡಿಯಬೇಕು. ಮಕ್ಕಳಿಗೆ ಹೊಸ ಆಟಗಳಿಗೆಂದೇ ಸ್ವಿಚ್ ತರುವವರಿದ್ದರೆ ಹಳೆ ಮಾರಿಯೋ ಅದರಲ್ಲೇ ಆಡಿ. ಬರೀ ಹಳೆ ಮಾರಿಯೋಗಾಗಿ ಸ್ವಿಚ್ ಕೊಳ್ಳುವುದು ಹಾಲಿಗಾಗಿ ಎಮ್ಮೆ ಕಟ್ಟಿದ ಹಾಗೆ. ಹುಲ್ಲಿನ ಖರ್ಚು ಆಮೇಲೆ ತಿಳಿಯುತ್ತದೆ.

ನನ್ನ ಲೆಕ್ಕದಲ್ಲಿ ಜನ ಗಮನಿಸದೆ ಬಿಡುವ ಒಳ್ಳೆಯ ದಾರಿ ಮನೆಯ ಲ್ಯಾಪ್‌ಟಾಪೇ. ಕಾಂಟ್ರಾ ಮಾಡಿದ ಕೊನಾಮಿ 2019ರಲ್ಲಿ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಎಂಬ ಗಂಟನ್ನು ತಂದಿತು. ನಾವಾಡಿದ 1988ರ ಕಾಂಟ್ರಾ ಅದರಲ್ಲಿದೆ. ನಾಮ್ಕೊ 2020ರಲ್ಲಿ ಮ್ಯೂಸಿಯಂ ಆರ್ಕೈವ್ಸ್ ಎಂದು ಎರಡು ಸಂಪುಟ ತಂದಿತು; ಟ್ಯಾಂಕ್ ಇರುವುದು ಎರಡನೆಯದರಲ್ಲಿ, ಮರೆತು ಒಂದನೆಯದನ್ನು ಕೊಂಡೀರಿ. ಎರಡೂ ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬಂದಿವೆ. ರೂಪಾಯಿಯಲ್ಲೇ ಕಟ್ಟಬಹುದು, ಆಗಾಗ ರಿಯಾಯಿತಿ ಮಾರಾಟವೂ ನಡೆಯುತ್ತದೆ. ವೈರಿರುವ ಯುಎಸ್‌ಬಿ ಗೇಮ್‌ಪ್ಯಾಡ್ ಎರಡು ತನ್ನಿ, ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಸೇರಿಸಿ. ಶುರುವಾಗುವ ಪರದೆಯಲ್ಲಿ ಅಪ್ ಅಪ್ ಡೌನ್ ಡೌನ್ ಲೆಫ್ಟ್ ರೈಟ್ ಲೆಫ್ಟ್ ರೈಟ್ ಬಿ ಎ ಒತ್ತಿ. ಮೂರಿದ್ದ ಲೈಫ್ 30 ಆಗುತ್ತದೆ, ಬೆರಳಿಗೆ ಇನ್ನೂ ಬಾಯಿಪಾಠವಿದೆ. ಈ ದಾರಿಯ ಕೊರತೆ ಒಂದೇ: ಮಾರಿಯೋ ಇಲ್ಲಿ ಸಿಗುವುದಿಲ್ಲ. ನಿಂಟೆಂಡೋ ತನ್ನ ಈ ಹಳೆ ಆಟಗಳನ್ನು ತನ್ನ ಮನೆಯ ಹೊಸಿಲು ದಾಟಿಸುವುದಿಲ್ಲ.

ಉಳಿದದ್ದು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದ ವೇಷ ಹಾಕುವ ಸಾಫ್ಟ್‌ವೇರ್. ರೆಟ್ರೋಆರ್ಚ್ ಮೊಬೈಲಿಗೂ ಕಂಪ್ಯೂಟರಿಗೂ ಉಚಿತ. ಹತ್ತು ವರ್ಷದ ಲ್ಯಾಪ್‌ಟಾಪ್ ಸಾಕು. ಮೂಲ ಯಂತ್ರದ ಕೆಲಸದ ಮೆಮೊರಿ ಇದ್ದದ್ದೇ 2 ಕಿಲೋಬೈಟ್. ಇದಕ್ಕಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೊಳ್ಳುವುದು ಸಂತೋಷಕ್ಕೇ ಹೊರತು ಅಗತ್ಯಕ್ಕಲ್ಲ. ಮೊಬೈಲ್ ಗಾಜಿನ ಮೇಲೆ ಬೆರಳಾಡಿಸಿ ಮಾರಿಯೋ ಆಡುವುದನ್ನಂತೂ ಶತ್ರುವಿಗೂ ಹೇಳಲಾರೆ, ಬ್ಲೂಟೂತ್ ಪ್ಯಾಡ್ ಬೇಕೇ ಬೇಕು. ಎಮ್ಯುಲೇಟರ್ ಇಟ್ಟುಕೊಳ್ಳುವುದು ತಪ್ಪಲ್ಲ, ಆಟದ ಫೈಲನ್ನು ಎಲ್ಲಿಂದಲೋ ಇಳಿಸಿಕೊಳ್ಳುವುದು ತಪ್ಪು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿಗೆ ಕಂಪ್ಯೂಟರ್ ಪ್ರೋಗ್ರಾಮೂ ಒಂದು ಕೃತಿಯೇ. ‘ಹಳೇದು, ಕಂಪನಿಯವರೇ ಮರೆತಿದ್ದಾರೆ’ ಎನ್ನುವ ಸಮಾಧಾನ ಹೊಂದುವುದಿಲ್ಲ; ಮೇಲೆ ಕಂಡಂತೆ ಅವರು ಇನ್ನೂ ಮಾರುತ್ತಲೇ ಇದ್ದಾರೆ. ನೇರ ದಾರಿಯಲ್ಲಿ ಆಡಬೇಕೆಂದರೆ ಆ ಹಳೇ ಯಂತ್ರಕ್ಕೇ ಈಗ ಹೊಸದಾಗಿ ಬರೆದ ಆಟಗಳಿವೆ. 2019ರ ಮೈಕ್ರೋ ಮೇಜಸ್ ನೋಡಿ: ಮೊದಲ ಸೂಪರ್ ಮಾರಿಯೋದಷ್ಟೇ, 40 ಕಿಲೋಬೈಟಿನಲ್ಲಿ ಮುಗಿಸಿದ್ದಾರೆ, ನಾಲ್ಕು ಜನ ಒಟ್ಟಿಗೆ ಆಡಬಹುದು. ಮಕ್ಕಳಿಗೆ ನಮ್ಮ ನೆನಪಿನ ಹಂಗಿಲ್ಲ, ಅವರಿಗೆ ಇದೇ ಹೆಚ್ಚು ಹಿಡಿಸೀತು.

ಎಮ್ಯುಲೇಟರ್ ಅಥವಾ ಅಸಲಿ ಮಿನಿ ಹಾಕಿದವರು ಮೊದಲ ಐದು ನಿಮಿಷದಲ್ಲಿ ಹೇಳುವ ಮಾತೊಂದಿದೆ: “ಏನೋ ಸರಿಯಿಲ್ಲ.” ಅವರ ಕಿವಿ ಸುಳ್ಳು ಹೇಳುತ್ತಿಲ್ಲ. ನಮ್ಮ ಹಳೆ ಟಿವಿಗಳು ಪಾಲ್ ಎಂಬ ಪ್ರಸಾರ ಪದ್ಧತಿಯವು, ಸೆಕೆಂಡಿಗೆ 50 ಚಿತ್ರ. ಅದಕ್ಕೆ ಹೊಂದುವಂತೆ ಮಾಡಿದ ನಕಲು ಸೆಟ್‌ಗಳಲ್ಲಿ ಜಪಾನಿನ 60 ಚಿತ್ರದ ಆಟ ಆರರಲ್ಲಿ ಒಂದು ಭಾಗ ನಿಧಾನಕ್ಕೆ ಓಡುತ್ತಿತ್ತು, ಹಾಡೂ ಅಷ್ಟೇ ನಿಧಾನ. ಸಾಲದ್ದಕ್ಕೆ ನಕಲು ಚಿಪ್ಪುಗಳಲ್ಲಿ ಹಲವು ಧ್ವನಿಯ ಒಂದು ಲೆಕ್ಕವನ್ನು ತಿರುವುಮುರುವು ಮಾಡಿಕೊಂಡಿದ್ದವು, ಅದರಿಂದ ಸ್ವರದ ಬನಿಯೇ ಬೇರೆ. ಅಸಲಿ ಮಾರಿಯೋದ ಹಾಡು ನಮಗೆ ಅವಸರದ್ದಾಗಿ, ಅಪರಿಚಿತವಾಗಿ ಕೇಳುವುದು ಇದಕ್ಕೆ. ಮೆಸೆನ್, ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರುಗಳಲ್ಲಿ ಪ್ರದೇಶ ಆರಿಸುವ ಕಡೆ ‘ಡೆಂಡಿ’ ಎಂದಿರುತ್ತದೆ. ಅದು ರಷ್ಯಾದಲ್ಲಿ ಮಾರಾಟವಾದ ಇಂಥದ್ದೇ ನಕಲು ಸೆಟ್ಟಿನ ಹೆಸರು. ಅದನ್ನು ಆರಿಸಿ, ಧ್ವನಿಯಲ್ಲಿ ಆ ಅದಲುಬದಲಿನ ಆಯ್ಕೆಯನ್ನೂ ಹಾಕಿ ನೋಡಿ. ನನ್ನ ತಮ್ಮನಿಗೆ ಹೀಗೆ ಮಾಡಿ ಕೇಳಿಸಿದೆ. ಪಕ್ಕದ ಕೋಣೆಯಲ್ಲಿದ್ದ ಅಮ್ಮ, “ಶುರು ಹಚ್ಕೊಂಡ್ರಾ ಮತ್ತೆ?” ಎಂದರು.

ಹಾಗಾಗಿ ನನ್ನನ್ನು ಕೇಳಿದರೆ: ಅಣ್ಣತಮ್ಮಂದಿರು ಸೇರಿ ಕಾಂಟ್ರಾ, ಟ್ಯಾಂಕ್ ಆಡಬೇಕು ಅಂದರೆ ಲ್ಯಾಪ್‌ಟಾಪ್, ಸ್ಟೀಮ್, ವೈರಿನ ಎರಡು ಪ್ಯಾಡ್. ಮಾರಿಯೋ ಒಂದೇ ಸಾಕು, ಕಾನೂನಿನ ಕಿರಿಕಿರಿ ಬೇಡ ಅಂದರೆ ಯಾರದಾದರೂ ಮನೆಯ ಸ್ವಿಚ್. ಬಾತುಕೋಳಿ ಅಂದರೆ ಗುಜರಿ ಅಂಗಡಿ. ಸಾವಿರದೊಳಗೆ ಮುಗಿಯಬೇಕು, ಮಗು ಎಂಟು ದಿನದಲ್ಲಿ ಮುರಿದರೂ ಬೇಜಾರಿಲ್ಲ ಅಂದರೆ ಕೈ ಗೇಮ್. ಸ್ಟಿಕ್ಕಿಗಿಂತ ಅದೇ ಮೇಲು.

ಏನೇ ಆದರೂ ಅಂಗಡಿಯಲ್ಲೇ ಟಿವಿಗೆ ಹಾಕಿಸಿ. ಅಂಗಡಿಯವರು ಮಾರಿಯೋ ಹಾಕಿ ತೋರಿಸುತ್ತಾರೆ, ಒಪ್ಪಬೇಡಿ. ಟ್ಯಾಂಕ್ ಹಾಕಿಸಿ, ‘2 ಪ್ಲೇಯರ್’ ಆರಿಸಿ, ಹಳದಿ ಟ್ಯಾಂಕನ್ನು ಅವರ ಕೈಗೆ ಕೊಟ್ಟು ಹಸಿರನ್ನು ನೀವು ಹಿಡಿಯಿರಿ. ಎರಡನೇ ರಿಮೋಟಿನಲ್ಲಿ ನಾಲ್ಕೂ ದಿಕ್ಕಿಗೆ ತಿರುಗಿಸಿ, ಗುಂಡು ಹಾರಿಸಿ, ಒಂದು ಸ್ಟೇಜಿನ 20 ಟ್ಯಾಂಕೂ ಮುಗಿಯುವವರೆಗೆ ಆಡಿ. ಆಮೇಲೆ ಬಿಲ್ ಹಾಕಿಸಿ.